ಮದುವೆ ಇಲ್ಲದ ತಾಯ್ತನ: ಯಾವ ದಾರಿ ಮೊದಲು ಮುಚ್ಚುತ್ತದೆ?

ಮುಂಬೈಯಲ್ಲಿ 38 ವರ್ಷದ ಮೂವರು ಹೆಂಗಸರು ಇದ್ದಾರೆ ಎಂದುಕೊಳ್ಳಿ. ಮೂವರೂ ಒಂಟಿ. ಮೂವರಿಗೂ ಕೆಲಸ ಇದೆ, ಸಂಬಳ ಇದೆ, ಮಗು ಬೇಕೆಂಬ ಆಸೆ ಇದೆ. ಒಬ್ಬರಿಗೆ ಮದುವೆಯೇ ಆಗಿಲ್ಲ. ಇನ್ನೊಬ್ಬರಿಗೆ ಡೈವೋರ್ಸ್ ಆಗಿದೆ. ಮತ್ತೊಬ್ಬರು ಗಂಡನನ್ನು ಕಳೆದುಕೊಂಡವರು. ದಾನಿಯ ವೀರ್ಯ ಪಡೆದು ಚಿಕಿತ್ಸೆಯಿಂದ ಬಸುರಿಯಾಗಲು ಕಾನೂನು ಮೂವರಿಗೂ ಅವಕಾಶ ಕೊಡುತ್ತದೆ. ದತ್ತು ಪಡೆಯಲೂ ಮೂವರಿಗೂ ಅಡ್ಡಿಯಿಲ್ಲ. ಆದರೆ ಬಾಡಿಗೆ ತಾಯಿಯ ನೆರವು ಬೇಕೆಂದರೆ ಡೈವೋರ್ಸ್ ಆದವರಿಗೆ ಮತ್ತು ಗಂಡ ತೀರಿಕೊಂಡವರಿಗೆ ಮಾತ್ರ ಸಿಗುತ್ತದೆ. ಮದುವೆಯೇ ಆಗದವರಿಗೆ ಸಿಗುವುದಿಲ್ಲ. ಇವರ ಜೊತೆಗೆ ಇನ್ನೊಬ್ಬರನ್ನೂ ನೆನೆಯಿರಿ. ಗಂಡನಿಂದ ದೂರ ಇದ್ದಾರೆ, ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ, ಡೈವೋರ್ಸ್ ಇನ್ನೂ ಕೈಗೆ ಬಂದಿಲ್ಲ. ಅವರು ಕ್ಲಿನಿಕ್ಕಿಗೆ ಹೋದರೆ ಸಾಮಾನ್ಯವಾಗಿ ಗಂಡನ ಸಹಿ ಕೇಳುತ್ತಾರೆ. ದತ್ತಿಗೆ ಹೋದರೆ ಗಂಡನ ಒಪ್ಪಿಗೆ ಕೇಳುತ್ತಾರೆ. ಎಲ್ಲರಿಗಿಂತ ಕಷ್ಟದಲ್ಲಿರುವವರು ಅವರೇ.

ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಈ ಮಾತು ಈಗ ಮೊದಲಿನಷ್ಟು ಗುಟ್ಟಾಗಿ ಉಳಿದಿಲ್ಲ. ಮಾಟುಂಗಾದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಕುಡಿಯುತ್ತಾ ನಿಂತಾಗ, ಡೊಂಬಿವಲಿಯ ಕಡೆ ಲೋಕಲ್‌ನಲ್ಲಿ ಒಟ್ಟಿಗೆ ಹೋಗುವಾಗ, ಮೂವತ್ತು ದಾಟಿದ ಗೆಳತಿಯರು ಮೆಲ್ಲಗೆ ಕೇಳುತ್ತಾರೆ: "ಐವಿಎಫ್ ಒಳ್ಳೆಯದಾ, ದತ್ತು ಒಳ್ಳೆಯದಾ?" ಈ ಪ್ರಶ್ನೆಗೆ ಬೇರೆಯವರು ಉತ್ತರ ಕೊಡಲಾಗುವುದಿಲ್ಲ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ, ಅದಕ್ಕೆ ಖಚಿತ ಉತ್ತರವೂ ಇದೆ. ನನ್ನ ವಯಸ್ಸಿಗೆ ಯಾವ ದಾರಿ ಯಾವಾಗ ಮುಚ್ಚುತ್ತದೆ? ಸುಮ್ನೆ ಯೋಚಿಸುತ್ತಾ ಕೂತ ಎರಡು ವರ್ಷದಲ್ಲಿ ಎರಡು ಬಾಗಿಲು ಮುಚ್ಚಿಹೋದ ಹೆಂಗಸರನ್ನು ನಾನು ಬಲ್ಲೆ. ಅದಕ್ಕೇ ಈ ಲೇಖನ.

ಚಿಕಿತ್ಸೆಯಿಂದ ಶುರು ಮಾಡೋಣ. ಮುಂಬೈಗೂ, ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶದೊಳಗೆ ಇಡುವ ಐವಿಎಫ್‌ಗೂ ಹಳೆಯ ನಂಟು. 1986ರ ಆಗಸ್ಟ್ 6ರಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡದ ದುಡಿಮೆಯಿಂದ ಪ್ರಣಾಳ ಶಿಶುವೊಂದು ಹುಟ್ಟಿ ದೇಶದಲ್ಲೆಲ್ಲ ಸುದ್ದಿಯಾಯಿತು. ಆಮೇಲೆ ಮೂವತ್ತೈದು ವರ್ಷ ಈ ಕ್ಷೇತ್ರಕ್ಕೆಂದೇ ಕಾನೂನು ಇರಲಿಲ್ಲ. 2005ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿ ಬಂತು, ಆದರೆ ಅದನ್ನು ಪಾಲಿಸಲೇಬೇಕು ಎಂಬ ಬಿಗಿ ಇರಲಿಲ್ಲ. ಒಂಟಿ ಹೆಂಗಸಿಗೆ ಚಿಕಿತ್ಸೆ ಕೊಡಬೇಕೋ ಬೇಡವೋ ಎಂಬುದು ಆಯಾ ವೈದ್ಯರ ಮನಸ್ಸಿಗೆ ಬಿಟ್ಟದ್ದಾಗಿತ್ತು. 2021ರಲ್ಲಿ ನೆರವಿನ ಸಂತಾನೋತ್ಪತ್ತಿ ಕಾಯ್ದೆ ಬಂತು. 2022ರ ಜನವರಿ 25ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 21 ದಾಟಿದ, 50 ತುಂಬದ ಹೆಂಗಸು ಮದುವೆ ಆಗಿರದಿದ್ದರೂ ಈ ಚಿಕಿತ್ಸೆ ಪಡೆಯಬಹುದು. ಇದು ದೊಡ್ಡ ಹೆಜ್ಜೆ. ಇಷ್ಟು ಸ್ಪಷ್ಟವಾಗಿ ಕಾನೂನೇ ಹೇಳಿದೆ ಎಂಬುದು ಎಷ್ಟೋ ಜನಕ್ಕೆ ಇನ್ನೂ ಗೊತ್ತಿಲ್ಲ.

ಎಲ್ಲ ಕ್ಲಿನಿಕ್ಕುಗಳೂ ಇದನ್ನು ಒಪ್ಪಿಕೊಂಡಿಲ್ಲ ಎಂಬುದೂ ನಿಜ. 2025ರ ಜುಲೈಯಲ್ಲಿ ನಟಿ ಭಾವನಾ ರಾಮಣ್ಣ ತಾವು ಮದುವೆಯಿಲ್ಲದೆ ಐವಿಎಫ್ ಮೂಲಕ ಬಸುರಿಯಾಗಿರುವುದನ್ನು ತಾವೇ ಜನರಿಗೆ ತಿಳಿಸಿದರು. ಮೊದಲು ಹೋದಾಗ ಹಲವು ವೈದ್ಯರು ತಮ್ಮನ್ನು ವಾಪಸ್ ಕಳಿಸಿದ್ದರು ಎಂದೂ ಹೇಳಿಕೊಂಡರು. ಹೆಸರು ಇರುವ ನಟಿಗೇ ಹೀಗಾದರೆ ಠಾಣೆಯ ಬ್ಯಾಂಕ್ ನೌಕರಳಿಗೆ, ಪುಣೆಯ ಶಾಲಾ ಟೀಚರಿಗೆ ಎಂಥ ಉತ್ತರ ಸಿಗಬಹುದು ಎಂದು ಊಹಿಸಬಹುದು. ಹಾಗಾಗಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಮೊದಲೇ ಫೋನಿನಲ್ಲಿ ನೇರವಾಗಿ ಕೇಳಿಬಿಡುವುದು ಒಳ್ಳೆಯದು. ಒಂಟಿ ಹೆಂಗಸಿಗೆ ದಾನಿ ವೀರ್ಯದ ಚಿಕಿತ್ಸೆ ಕೊಡುತ್ತೀರಾ? ನಿಮ್ಮ ನೋಂದಣಿ ಯಾವ ಹಂತದ್ದು? ಕಾನೂನು ಕ್ಲಿನಿಕ್ಕುಗಳನ್ನು ಎರಡು ಹಂತವಾಗಿ ಮಾಡಿದೆ. ಒಂದನೇ ಹಂತದಲ್ಲಿ ಐಯುಐ, ಅಂದರೆ ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವ ವಿಧಾನ, ಮಾತ್ರ ಮಾಡಬಹುದು. ಐವಿಎಫ್‌ಗೆ ಎರಡನೇ ಹಂತದ್ದೇ ಆಗಬೇಕು. ಎರಡಕ್ಕೂ ನೋಂದಣಿ ಕಡ್ಡಾಯ.

ಈಗ ವಯಸ್ಸಿನ ಮಾತು. ಕಾನೂನು 50ರವರೆಗೆ ಅಂದರೂ ದೇಹ ಅಷ್ಟು ಕಾಯುವುದಿಲ್ಲ. ಹೆಣ್ಣು ಮಗು ಹುಟ್ಟುವಾಗಲೇ ಅದರ ಅಂಡಾಣುಗಳ ಲೆಕ್ಕ ನಿಗದಿಯಾಗಿರುತ್ತದೆ. ಹೊಸದು ಹುಟ್ಟುವುದಿಲ್ಲ. 35ರ ನಂತರ ಸಂಖ್ಯೆ ಮತ್ತು ಗುಣ ಎರಡೂ ಬೇಗ ಇಳಿಯುತ್ತವೆ, 40ರ ನಂತರ ಇನ್ನೂ ಬೇಗ. ಎಎಂಎಚ್ ಎಂಬ ರಕ್ತ ಪರೀಕ್ಷೆ ಮತ್ತು ಒಂದು ಸ್ಕ್ಯಾನ್‌ನಿಂದ ಎಷ್ಟು ಉಳಿದಿದೆ ಎಂಬ ಅಂದಾಜು ಸಿಗುತ್ತದೆ. ಗುಣ ಹೇಗಿದೆ ಎಂದು ಆ ಪರೀಕ್ಷೆ ಹೇಳುವುದಿಲ್ಲ. ಅದನ್ನು ಹೆಚ್ಚುಕಮ್ಮಿ ವಯಸ್ಸೇ ಹೇಳುತ್ತದೆ. ಎಎಂಎಚ್ ಚೆನ್ನಾಗಿದೆ ಎಂದು ರಿಪೋರ್ಟ್ ಬಂದ ಕೂಡಲೇ ಇನ್ನೂ ಮೂರು ವರ್ಷ ಟೈಮ್ ಇದೆ ಎಂದು ನಿರಾಳವಾಗುವವರು ಬಹಳ ಜನ. ನಲವತ್ತರ ಹತ್ತಿರ ಇರುವವರು ಆ ಒಂದು ಅಂಕಿಯನ್ನು ನಂಬಿ ಕೂರಬಾರದು.

ಐಯುಐ ಸರಳ ವಿಧಾನ. ಫ್ರೀಜ್ ಮಾಡಿದ ದಾನಿ ವೀರ್ಯವನ್ನು ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ಸರಿಯಾಗಿ ಗರ್ಭಕೋಶದೊಳಗೆ ಬಿಡುತ್ತಾರೆ. ಅರಿವಳಿಕೆ ಬೇಡ, ಅದೇ ದಿನ ಮನೆಗೆ ಬರಬಹುದು. ಆದರೆ ಅಂಡನಾಳಗಳು ತೆರೆದಿರಬೇಕು, ಅದನ್ನು ಮೊದಲೇ ಪರೀಕ್ಷೆ ಮಾಡಿಸಬೇಕು. 35ರ ಒಳಗಿನವರಿಗೆ ಒಂದು ಸಲಕ್ಕೆ ಗರ್ಭ ನಿಲ್ಲುವುದು ಸುಮಾರು 100ರಲ್ಲಿ 10ರಿಂದ 15 ಮಂದಿಗೆ. ನಲವತ್ತು ದಾಟಿದ ಮೇಲೆ ಅದು ತೀರಾ ಕಡಿಮೆ. ಐವಿಎಫ್‌ನಲ್ಲಿ ಹತ್ತು ಹನ್ನೆರಡು ದಿನ ಇಂಜೆಕ್ಷನ್ ಕೊಟ್ಟು ಹಲವು ಅಂಡಾಣು ಬೆಳೆಸಿ, ಅರಿವಳಿಕೆ ಕೊಟ್ಟು ಹೊರತೆಗೆದು, ಲ್ಯಾಬಿನಲ್ಲಿ ಭ್ರೂಣ ಮಾಡಿ, ಸಾಮಾನ್ಯವಾಗಿ ಐದನೇ ದಿನದ ಹೊತ್ತಿಗೆ ಒಳಗೆ ಇಡುತ್ತಾರೆ ಅಥವಾ ಫ್ರೀಜ್ ಮಾಡುತ್ತಾರೆ. ಯಶಸ್ಸು ಜಾಸ್ತಿ, ಖರ್ಚೂ ಜಾಸ್ತಿ. ಮುಂಬೈಯಲ್ಲಿ ಒಂದು ಸೈಕಲ್‌ಗೆ (ಒಂದು ಸುತ್ತಿನ ಚಿಕಿತ್ಸೆಗೆ) ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಲಕ್ಷ. ಔಷಧಿ, ದಾನಿ ವೀರ್ಯ, ಫ್ರೀಜಿಂಗ್ ಇದರ ಮೇಲೆ ಬರಬಹುದು. ಒಂದೇ ಸಲಕ್ಕೆ ಆಗುತ್ತದೆ ಎಂಬ ಲೆಕ್ಕದಲ್ಲಿ ದುಡ್ಡು ಹೊಂದಿಸಬೇಡಿ. ಎರಡು ಮೂರು ಸಲ ಆಗಬಹುದು ಎಂದುಕೊಂಡೇ ಹೊಂದಿಸಿ. ಹೆಚ್ಚಿನ ಆರೋಗ್ಯ ವಿಮೆಗಳು ಇದಕ್ಕೆ ದುಡ್ಡು ಕೊಡುವುದಿಲ್ಲ.

ದಾನಿ ಯಾರು ಎಂಬ ವಿಷಯಕ್ಕೆ ಬಂದರೆ ಹೆಚ್ಚಿನವರಿಗೆ ತಪ್ಪು ಕಲ್ಪನೆ ಇದೆ. ಕ್ಯಾಟಲಾಗ್ ನೋಡಿ ಫೋಟೋ ಆರಿಸುವ ವ್ಯವಸ್ಥೆ ನಮ್ಮಲ್ಲಿ ಇಲ್ಲ. 21ರಿಂದ 55 ವರ್ಷದ ಗಂಡಸರಿಂದ ನೋಂದಾಯಿತ ಬ್ಯಾಂಕು ವೀರ್ಯ ಸಂಗ್ರಹಿಸುತ್ತದೆ. ಎಚ್‌ಐವಿ, ಹೆಪಟೈಟಿಸ್‌ನಂಥ ಸೋಂಕುಗಳ ಪರೀಕ್ಷೆ ಆಗುತ್ತದೆ. ನಿಮಗೆ ಸಿಗುವುದು ರಕ್ತದ ಗುಂಪು, ಎತ್ತರ, ಮೈಬಣ್ಣ, ಓದಿನಂಥ ಕೆಲವೇ ವಿವರ. ಹೆಸರು ಸಿಗುವುದಿಲ್ಲ. ಒಬ್ಬ ದಾನಿಯದನ್ನು ಒಂದಕ್ಕಿಂತ ಹೆಚ್ಚು ಕಡೆ ಕೊಡುವಂತೆಯೂ ಇಲ್ಲ. ಇದರಿಂದ ಒಬ್ಬನೇ ದಾನಿಯ ಹತ್ತಾರು ಮಕ್ಕಳು ಒಂದೇ ಊರಿನಲ್ಲಿ ಬೆಳೆಯುವ ಅಪಾಯ ತಪ್ಪುತ್ತದೆ, ಅದು ಒಳ್ಳೆಯದು. ಆದರೆ ದಾನಿಗಳು ಸಾಲುವುದಿಲ್ಲ, ಬೆಲೆ ಏರುತ್ತದೆ.

"ನನ್ನ ಆಫೀಸಿನ ಗೆಳೆಯನೇ ಒಪ್ಪಿದ್ದಾನೆ, ಅವನದ್ದೇ ತೆಗೆದುಕೊಳ್ಳಬಹುದಲ್ವಾ?" ಈ ಪ್ರಶ್ನೆ ಬಂದೇ ಬರುತ್ತದೆ. ಕ್ಲಿನಿಕ್ಕಿನಲ್ಲಿ ಆಗುವುದಿಲ್ಲ. ದಾನದ ವೀರ್ಯ ಬ್ಯಾಂಕಿನಿಂದಲೇ ಬರಬೇಕು. ಕ್ಲಿನಿಕ್ಕಿನ ಹೊರಗೆ ಏನಾದರೂ ಮಾಡಿಕೊಂಡರೆ ಕಾಯ್ದೆಯ ರಕ್ಷಣೆ ಹೋಗುತ್ತದೆ. ಕಾಯ್ದೆಯ ಪ್ರಕಾರ ನಡೆದ ದಾನದಲ್ಲಿ ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಉಳಿಯುವುದಿಲ್ಲ. ಹೊರಗಿನ ಏರ್ಪಾಡಿನಲ್ಲಿ ಆ ಗೆಳೆಯ ನಾಳೆ ತಂದೆಯ ಹಕ್ಕು ಕೇಳಿಕೊಂಡು ಬರಬಹುದು, ಅಥವಾ ಅವನ ಮೇಲೇ ಜೀವನಾಂಶದ ಹೊಣೆ ಬೀಳಬಹುದು. ಎಷ್ಟೇ ನಂಬಿಕೆಯ ಸ್ನೇಹವಾದರೂ ಈ ದಾರಿ ಬೇಡ ಎಂದೇ ನಾನು ಹೇಳುತ್ತೇನೆ.

43ರ ಆಸುಪಾಸಿನಲ್ಲಿ ಇನ್ನೊಂದು ತಿರುವು ಬರುತ್ತದೆ. ನಿಮ್ಮ ಅಂಡಾಣುವಿನಿಂದ ಆಗುವುದು ಕಷ್ಟ, ದಾನದ ಅಂಡಾಣು ತೆಗೆದುಕೊಳ್ಳಿ ಎಂದು ವೈದ್ಯರು ಹೇಳುತ್ತಾರೆ. ಆಗ ಮಗುವನ್ನು ಹೊರುವುದು, ಹೆರುವುದು ನೀವೇ, ಆದರೆ ವಂಶವಾಹಿ ನಿಮ್ಮದಲ್ಲ. ಅಂಡಾಣು ದಾನಿಗೆ ಕಾನೂನು ಬಿಗಿಯಾದ ಮಿತಿ ಹಾಕಿದೆ. 23ರಿಂದ 35 ವರ್ಷದವರು, ಬದುಕಿನಲ್ಲಿ ಒಂದೇ ಸಲ, ಹೆಚ್ಚೆಂದರೆ ಏಳು ಅಂಡಾಣು. ಬಡ ಹೆಂಗಸರ ದೇಹ ಲೂಟಿಯಾಗದಂತೆ ಹಾಕಿದ ಮಿತಿ ಇದು. ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಈ ಹಂತಕ್ಕೆ ಬಂದ ಗೆಳತಿಯರಿಗೆ ನಾನು ಕೇಳುವುದು ಇಷ್ಟೇ: ರಕ್ತಸಂಬಂಧಕ್ಕೋಸ್ಕರವೇ ಐವಿಎಫ್ ಆರಿಸಿಕೊಂಡಿದ್ದರೆ ಆ ಕಾರಣ ಈಗಲೂ ಉಳಿದಿದೆಯಾ? ಕೆಲವರು ಬಸುರಿನ ಅನುಭವ ಬೇಕು ಎನ್ನುತ್ತಾರೆ. ಅದು ಪೂರ್ತಿ ಸರಿಯಾದ ಕಾರಣ. ಕೆಲವರು ಇಲ್ಲಿಗೆ ಬಂದ ಮೇಲೆ ದತ್ತಿನ ಕಡೆ ನೋಡುತ್ತಾರೆ. ಅಷ್ಟರಲ್ಲಿ ಅಲ್ಲೂ ಒಂದು ಬಾಗಿಲು ಮುಚ್ಚಿರುತ್ತದೆ. ಆ ವಿಷಯಕ್ಕೆ ಬರುತ್ತೇನೆ.

ಅಂಡಾಣು ಫ್ರೀಜ್ ಮಾಡಿಸುವ ಬಗ್ಗೆ ಎರಡು ಮಾತು ಸಾಕು. 35ರ ಒಳಗೆ ಮಾಡಿಸಿದರೆ ಉಪಯೋಗ ಜಾಸ್ತಿ. ಕಾನೂನಿನಂತೆ ಹತ್ತು ವರ್ಷದವರೆಗೆ ಇಡಬಹುದು. ಫ್ರೀಜ್ ಮಾಡಿದ್ದೆಲ್ಲ ಮಗುವಾಗುವುದಿಲ್ಲ. ಕರಗಿಸುವಾಗ ಕೆಲವು ಹೋಗುತ್ತವೆ, ಭ್ರೂಣವಾಗುವಾಗ ಇನ್ನಷ್ಟು ಹೋಗುತ್ತವೆ.

ದತ್ತಿನ ದಾರಿಯ ಬಗ್ಗೆ ಜನರಲ್ಲಿ ಎರಡು ತಪ್ಪು ತಿಳಿವಳಿಕೆ ಇವೆ. ಒಂಟಿ ಹೆಂಗಸಿಗೆ ಮಗು ಕೊಡುವುದಿಲ್ಲ ಎನ್ನುವುದು ಒಂದು. ಅನಾಥಾಶ್ರಮದಲ್ಲಿ ಮಕ್ಕಳು ಬೇಕಾದಷ್ಟಿದ್ದಾರೆ, ಹೋದರೆ ಸಿಗುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದು ಸುಳ್ಳು. ಒಂಟಿ ಹೆಂಗಸು ಗಂಡು ಮಗುವನ್ನೂ ಹೆಣ್ಣು ಮಗುವನ್ನೂ ದತ್ತು ಪಡೆಯಬಹುದು. ಒಂಟಿ ಗಂಡಸಿಗೆ ಮಾತ್ರ ಹೆಣ್ಣು ಮಗು ಕೊಡುವುದಿಲ್ಲ. ಸುಷ್ಮಿತಾ ಸೇನ್ ಮುಂಬೈಯಲ್ಲಿ ತಮ್ಮ ಮೊದಲ ಮಗಳನ್ನು ದತ್ತು ಪಡೆದದ್ದು 2000ದಲ್ಲಿ, ಅಂದರೆ ಇದು ಇಂದು ನಿನ್ನೆಯ ಸಂಗತಿಯೂ ಅಲ್ಲ. ಎರಡನೆಯದೂ ಸುಳ್ಳು. ಆಶ್ರಮದಲ್ಲಿರುವ ಎಷ್ಟೋ ಮಕ್ಕಳಿಗೆ ಎಲ್ಲೋ ಒಂದು ಕಡೆ ತಂದೆತಾಯಿ ಇದ್ದಾರೆ, ಅವರು ಕಾನೂನಿನ ಪ್ರಕಾರ ದತ್ತಿಗೆ ಮುಕ್ತರಲ್ಲ. 2024-25ರಲ್ಲಿ ಇಡೀ ದೇಶದಲ್ಲಿ ಆದ ದತ್ತು 4,515. ಹನ್ನೆರಡು ವರ್ಷದಲ್ಲೇ ಅದು ಅತಿ ಹೆಚ್ಚು. ಕಾಯುತ್ತಿರುವವರು 30 ಸಾವಿರಕ್ಕಿಂತ ಹೆಚ್ಚು. ಹಾಗಾಗಿ ಸಣ್ಣ ಮಗುವಿಗೆ ಮೂರು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಯಬೇಕಾಗುತ್ತದೆ.

ಇಲ್ಲಿಯೂ ವಯಸ್ಸಿನ ಲೆಕ್ಕ ಇದೆ. ಒಂಟಿಯಾಗಿ ದತ್ತು ಪಡೆಯುವವರಿಗೆ ಎರಡು ವರ್ಷದೊಳಗಿನ ಮಗು ಬೇಕೆಂದರೆ 40ರವರೆಗೆ ಮಾತ್ರ ಅವಕಾಶ. ಎರಡರಿಂದ ನಾಲ್ಕು ವರ್ಷದ ಮಗುವಿಗೆ 45. ನಾಲ್ಕರಿಂದ ಎಂಟಕ್ಕೆ 50. ಅದಕ್ಕಿಂತ ದೊಡ್ಡ ಮಕ್ಕಳಿಗೆ 55. ಮಗುವಿಗೂ ತಾಯಿಗೂ ಕನಿಷ್ಠ 25 ವರ್ಷದ ಅಂತರ ಇರಬೇಕು. 2022ರ ಸೆಪ್ಟೆಂಬರಿನಲ್ಲಿ ಹೊಸ ನಿಯಮ ಬರುವ ಮೊದಲು ನಾಲ್ಕು ವರ್ಷದೊಳಗಿನ ಯಾವ ಮಗುವಿಗೂ 45ರವರೆಗೆ ಅವಕಾಶ ಇತ್ತು. ಹೊಸ ನಿಯಮ ಅದನ್ನು ಕತ್ತರಿಸಿತು. 41ರಲ್ಲಿ ಐವಿಎಫ್ ಕೈಕೊಟ್ಟ ಮೇಲೆ ದತ್ತಿಗೆ ಹೆಸರು ಬರೆಸುತ್ತೇನೆ ಅಂದವರಿಗೆ ಹಸುಗೂಸಿನ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ಆದ್ದರಿಂದ 37, 38ರಲ್ಲಿ ಇರುವವರಿಗೆ ನಾನು ಹೇಳುವ ಮಾತು: ದತ್ತಿನ ಬಗ್ಗೆ ಅರ್ಧ ಮನಸ್ಸಿದ್ದರೂ ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾದ ಪೋರ್ಟಲ್‌ನಲ್ಲಿ ಹೆಸರು ಬರೆಸಿ. ಸರದಿ ಬರಲು ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಚಿಕಿತ್ಸೆ ಫಲಿಸಿದರೆ ಪ್ರಾಮಾಣಿಕವಾಗಿ ತಿಳಿಸಿ ಹಿಂದೆ ಸರಿಯಬಹುದು. ಹೀಗೆ ಮಾಡುವುದು ಮಗುವಿಗೆ ಅನ್ಯಾಯ ಎಂದು ಕೆಲವರು ಹೇಳುತ್ತಾರೆ. ಮಗುವಿನ ಹೆಸರು ಮುಂದೆ ಬಂದ ಮೇಲೆ ಮನಸ್ಸು ಬದಲಿಸಿದರೆ ಅನ್ಯಾಯ, ನಿಜ. ಸರದಿಯಲ್ಲಿ ನಿಂತಾಗ ಬದಲಿಸಿದರೆ ಹಿಂದಿನವರಿಗೆ ಜಾಗ ಸಿಗುತ್ತದೆ, ಅಷ್ಟೇ.

ಹೆಸರು ಬರೆಸಿದ ಮೇಲೆ ಸಮಾಜ ಕಾರ್ಯಕರ್ತೆ ಮನೆಗೆ ಬರುತ್ತಾರೆ. ಮನೆ ಚಿಕ್ಕದು ಎಂದು ಹೆದರಬೇಕಾಗಿಲ್ಲ. ಬಾಡಿಗೆ ಮನೆಯಲ್ಲಿ ಇದ್ದೇ ದತ್ತು ಪಡೆದವರು ಇದೇ ಮುಂಬೈಯಲ್ಲಿ ಇದ್ದಾರೆ. ಅವರು ನೋಡುವುದು ನಿಮ್ಮ ಆದಾಯ, ಆರೋಗ್ಯ, ಮನೆಯವರ ಒಪ್ಪಿಗೆ, ಮಗುವನ್ನು ದಿನವಿಡೀ ಯಾರು ನೋಡಿಕೊಳ್ಳುತ್ತಾರೆ ಎಂಬುದು. ಒಂಟಿ ಹೆಂಗಸಿನ ಬಳಿ ಇನ್ನೊಂದು ಕಾಗದ ಕೇಳುತ್ತಾರೆ. ನಿಮಗೇನಾದರೂ ಆದರೆ ಮಗುವಿನ ಹೊಣೆ ಹೊರುತ್ತೇನೆ ಎಂದು ಸಂಬಂಧಿಕರೊಬ್ಬರು ಬರೆದುಕೊಡಬೇಕು. ಐವಿಎಫ್ ಕ್ಲಿನಿಕ್ಕಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅಲ್ಲಿಯೂ ಕೇಳಬೇಕಿತ್ತು ಎಂದು ನನಗೆ ಅನಿಸುತ್ತದೆ. ಕಾನೂನು ಕೇಳದಿದ್ದರೂ ನಮಗೆ ನಾವೇ ಕೇಳಿಕೊಳ್ಳಬೇಕು. ಸರದಿ ಬಂದು ಮಗುವಿನ ವಿವರ ಕಳಿಸಿದಾಗ ಒಪ್ಪಿಗೆ ಹೇಳಲು 48 ಗಂಟೆ ಮಾತ್ರ ಸಮಯ. ಮಗು ಮನೆಗೆ ಬಂದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ವಿಚಾರಿಸುತ್ತಾರೆ. ಖರ್ಚು ಒಟ್ಟಾರೆ ಅರ್ಧ ಲಕ್ಷದ ಆಸುಪಾಸು. ಐವಿಎಫ್‌ನ ಒಂದು ಸೈಕಲ್‌ಗಿಂತ ಎಷ್ಟೋ ಕಡಿಮೆ. ಮುಂಬೈಯ ಬಾಲ ಆಶಾ ಟ್ರಸ್ಟ್, ಪುಣೆಯ ಸಸೂನ್ ಆಸ್ಪತ್ರೆಯ ಆವರಣದಲ್ಲಿರುವ ಸೋಫೋಷ್ ಸಂಸ್ಥೆಯ ಶ್ರೀವತ್ಸ, ಅಲ್ಲಿಯದೇ ಭಾರತೀಯ ಸಮಾಜ ಸೇವಾ ಕೇಂದ್ರ ಈ ಕೆಲಸದಲ್ಲಿ ಹಳೆಯ ಹೆಸರುಗಳು. ದೇಶದಲ್ಲಿ ಹೆಚ್ಚು ದತ್ತು ಆಗುವ ರಾಜ್ಯಗಳಲ್ಲಿ ಮಹಾರಾಷ್ಟ್ರ ಮುಂದಿದೆ.

ನಮ್ಮ ಕುಟುಂಬಗಳಲ್ಲಿ ಹಳೆಯ ಪದ್ಧತಿಯೊಂದಿದೆ, ಅಕ್ಕನ ಮಗುವನ್ನೋ ತಮ್ಮನ ಮಗುವನ್ನೋ ಸಾಕಿಕೊಳ್ಳುವುದು. ಹಿಂದೂ ದತ್ತಕ ಕಾಯ್ದೆ 1956ರಿಂದಲೇ ಮದುವೆಯಾಗದ ಹೆಂಗಸಿಗೆ ದತ್ತು ಪಡೆಯುವ ಹಕ್ಕು ಕೊಟ್ಟಿದೆ. ಸಂಬಂಧಿಕರ ಮಗುವಿನ ದತ್ತಿನಲ್ಲಿ ಸರದಿಯಲ್ಲಿ ನಿಲ್ಲಬೇಕಾಗಿಲ್ಲ. ಆದರೂ ಅಡ್ಡಿ ಬರಬಹುದು. ಡೈವೋರ್ಸ್ ಆದ ಹೆಂಗಸೊಬ್ಬರು ತನ್ನ ತಂಗಿಯ ಮಗುವನ್ನು ದತ್ತು ಪಡೆಯಲು ಹೋದಾಗ ಜಳಗಾಂವ್ ಜಿಲ್ಲೆಯ ಭುಸಾವಳದ ಕೋರ್ಟು ಒಪ್ಪಲಿಲ್ಲ. ಕೆಲಸಕ್ಕೆ ಹೋಗುವ ಒಂಟಿ ಹೆಂಗಸು ಮಗುವಿಗೆ ಸಮಯ ಕೊಡಲಾರಳು ಎಂಬುದು ಕಾರಣ. 2023ರ ಏಪ್ರಿಲಿನಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌರಿ ಗೋಡ್ಸೆ ಆ ಆದೇಶವನ್ನು ರದ್ದು ಮಾಡಿದರು. ಕುಟುಂಬದ ಬಗ್ಗೆ ಇದು ಮಧ್ಯಕಾಲದ ಮನೋಭಾವ ಎಂದು ಟೀಕಿಸಿದರು. ಮನೆಯವರೋ ಅಧಿಕಾರಿಯೋ ಇದೇ ವಾದ ಎತ್ತಿದರೆ ಈ ತೀರ್ಪನ್ನು ತೋರಿಸಿ. ಹೊರಗಿನವರಿಂದ, ಏಜೆಂಟರಿಂದ, ಯಾವುದೋ ನರ್ಸಿಂಗ್ ಹೋಮಿನ ಪರಿಚಯದಿಂದ ಮಗು ಕೊಡಿಸುತ್ತೇವೆ ಎಂದರೆ ಮಾತ್ರ ಹತ್ತಿರವೂ ಹೋಗಬೇಡಿ. ಮಗುವನ್ನು ಮಾರುವುದು, ಕೊಳ್ಳುವುದು ಐದು ವರ್ಷದವರೆಗೆ ಜೈಲಾಗುವ ಅಪರಾಧ. ಕೊನೆಗೆ ಮಗುವೂ ನಿಮ್ಮ ಕೈತಪ್ಪುತ್ತದೆ.

ದೊಡ್ಡ ಮಕ್ಕಳಿಗೆ ಮನಸ್ಸು ತೆರೆದವರಿಗೆ ಪೋಷಕ ಆರೈಕೆ (ದತ್ತು ಪಡೆಯದೆ ಮಗುವನ್ನು ಮನೆಯಲ್ಲಿಟ್ಟು ಸಾಕುವುದು) ಎಂಬ ಇನ್ನೊಂದು ದಾರಿ ಇದೆ. 2024ರ ಮಾದರಿ ಮಾರ್ಗಸೂಚಿ 35 ದಾಟಿದ ಒಂಟಿಯರಿಗೂ ಅದನ್ನು ತೆರೆದಿದೆ. ಎರಡು ವರ್ಷ ಸಾಕಿದ ಮೇಲೆ ದತ್ತಿಗೆ ಕೇಳಬಹುದು.

ಬಾಡಿಗೆ ತಾಯ್ತನದ ಬಗ್ಗೆ ನನಗೆ ಸಿಟ್ಟಿದೆ. ಅದನ್ನು ಮುಚ್ಚಿಡುವುದಿಲ್ಲ. ಅದರ ಕಾಯ್ದೆಯೂ 2022ರ ಜನವರಿ 25ರಿಂದಲೇ ಜಾರಿಗೆ ಬಂತು. 35ರಿಂದ 45 ವರ್ಷದ ವಿಧವೆ ಅಥವಾ ಡೈವೋರ್ಸ್ ಆದ ಹೆಂಗಸು ಮಾತ್ರ ಗಂಡನಿಲ್ಲದೆ ಈ ನೆರವು ಪಡೆಯಬಹುದು. ಅಂಡಾಣು ಆಕೆಯದ್ದೇ ಆಗಬೇಕು. ಬಾಡಿಗೆ ತಾಯಿಗೆ ವೈದ್ಯಕೀಯ ಖರ್ಚು ಮತ್ತು ವಿಮೆ ಬಿಟ್ಟು ದುಡ್ಡು ಕೊಡುವಂತಿಲ್ಲ. ಈಗ ಎರಡೂ ಕಾಯ್ದೆಗಳನ್ನು ಒಟ್ಟಿಗೆ ಇಟ್ಟು ನೋಡಿ. ಮದುವೆಯಾಗದ ಹೆಂಗಸು ದಾನಿ ವೀರ್ಯದಿಂದ ತಾನೇ ಹೆತ್ತರೆ ಸರಿ. ಅದೇ ಹೆಂಗಸಿಗೆ ಹುಟ್ಟಿನಿಂದಲೇ ಗರ್ಭಕೋಶ ಇಲ್ಲದಿದ್ದರೆ, ಕ್ಯಾನ್ಸರಿನಿಂದ ಅದನ್ನು ತೆಗೆಸಿದ್ದರೆ, ಆಕೆ ಇನ್ನೊಬ್ಬರ ನೆರವು ಕೇಳುವಂತಿಲ್ಲ. ಯಾರಿಗೆ ಈ ನೆರವು ನಿಜವಾಗಿ ಬೇಕೋ ಅವರನ್ನೇ ಹೊರಗಿಟ್ಟಂತಾಯಿತು. ಮದುವೆ ಆಗಿ ಮುರಿದಿದ್ದರೆ ಅರ್ಹತೆ ಇದೆ, ಆಗಿಯೇ ಇಲ್ಲದಿದ್ದರೆ ಇಲ್ಲ. ಎರಡೂ ಮನೆಯಲ್ಲಿ ತಂದೆ ಇರುವುದಿಲ್ಲ. ಮಗುವಿನ ಕಡೆಯಿಂದ ನೋಡಿದರೆ ಏನು ವ್ಯತ್ಯಾಸ?

2024ರ ಫೆಬ್ರವರಿಯಲ್ಲಿ 44 ವರ್ಷದ ಮದುವೆಯಾಗದ ಹೆಂಗಸೊಬ್ಬರು ಇದನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ವಿಚಾರಣೆಯ ವೇಳೆ, ಮದುವೆಯ ಚೌಕಟ್ಟಿನೊಳಗೆ ತಾಯಿಯಾಗುವುದೇ ಇಲ್ಲಿನ ರೂಢಿ, ನಾವು ಪಾಶ್ಚಾತ್ಯ ದೇಶಗಳ ಹಾಗಲ್ಲ ಎಂಬರ್ಥದ ಮಾತು ಆಡಿತು. ಅದು ಮೌಖಿಕ ಮಾತು, ತೀರ್ಪಲ್ಲ. ನಮ್ಮ ನಾಡಿನವರೇ ಆದ ನ್ಯಾಯಮೂರ್ತಿಗಳ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಮದುವೆ ಇಲ್ಲದ ತಾಯ್ತನವನ್ನು ಇನ್ನೊಂದು ಕಾಯ್ದೆಯಲ್ಲಿ ನಮ್ಮ ಸಂಸತ್ತೇ ಒಪ್ಪಿದೆ.

ಕಾನೂನು, ವೈದ್ಯಕೀಯ ಎರಡನ್ನೂ ದಾಟಿ ಬಂದರೂ ಮನೆಯ ಪ್ರಶ್ನೆ ಉಳಿಯುತ್ತದೆ. ನನ್ನ ಅನುಭವದಲ್ಲಿ ಎಷ್ಟೋ ಹೆಂಗಸರ ಆಯ್ಕೆಯನ್ನು ತೀರ್ಮಾನಿಸುವುದು ಅದೇ. ಬಾಣಂತನ ಯಾರು ಮಾಡುತ್ತಾರೆ? ಡೊಂಬಿವಲಿಯ ನನ್ನ ಗೆಳತಿಯ ಅಮ್ಮ ಕಾರ್ಕಳದಲ್ಲಿದ್ದಾರೆ. ಮಗಳು ವಿಷಯ ಹೇಳಿದಾಗ ಅವರು ಬೈಯಲಿಲ್ಲ, ಅಳಲೂ ಇಲ್ಲ. "ಮಗು ಎಲ್ಲಿಂದ ಬಂದರೂ ನಮ್ಮದೇ. ಆದರೆ ಬಾಣಂತನ ಮಾಡಲಿಕ್ಕೆ ನನ್ನ ಸೊಂಟಕ್ಕೆ ಶಕ್ತಿ ಇಲ್ಲ ಮಗಾ" ಎಂದರು. ಆ ಒಂದು ಮಾತಿನ ಮೇಲೆ ಗೆಳತಿ ದತ್ತಿನ ಕಡೆ ಹೊರಳಿದಳು. ಬೇರೆಯವರಿಗೆ ಇದು ಸಣ್ಣ ಕಾರಣ ಅನಿಸಬಹುದು. ನಲವತ್ತರ ಹತ್ತಿರ ಹೆರಿಗೆಯಾಗಿ, ಸಿಸೇರಿಯನ್ ಹೊಲಿಗೆ ಇಟ್ಟುಕೊಂಡು, ನಾಲ್ಕನೇ ಮಹಡಿಯ ಒಂದು ಕೋಣೆಯ ಮನೆಯಲ್ಲಿ ಒಬ್ಬಳೇ ರಾತ್ರಿ ಎದ್ದು ಹಾಲು ಕುಡಿಸುವವಳಿಗೆ ಇದು ಸಣ್ಣ ಕಾರಣ ಅಲ್ಲ.

ತುಳುನಾಡಿನಿಂದ ಬಂದ ಬಂಟರು, ಬಿಲ್ಲವರು, ಮೊಗವೀರರು ಮುಂಬೈಯಲ್ಲಿ ಲಕ್ಷಗಟ್ಟಲೆ ಇದ್ದಾರೆ. ಈ ಸಮುದಾಯಗಳಲ್ಲಿ ಬಳಿ, ಅಂದರೆ ಕುಲದ ಗುರುತು, ಬರುವುದು ತಾಯಿಯ ಕಡೆಯಿಂದ. ಮದುವೆ ಮಾತುಕತೆಯಲ್ಲಿ ಕೇಳುವುದು ತಾಯಿಯ ಬಳಿ ಯಾವುದು ಎಂದು. ಹಾಗಾಗಿ ಒಂಟಿ ತಾಯಿ ಹೆತ್ತ ಮಗುವಿಗೆ ಬಳಿಯ ತೊಡಕೇ ಇಲ್ಲ. ಕುಟುಂಬದ ಹಿರಿಯರೊಬ್ಬರು ಹೀಗೆ ಹೇಳಿದ್ದನ್ನು ಕೇಳಿ ನನಗೆ ಬಹಳ ಸಮಾಧಾನ ಆಗಿತ್ತು. ತಾಯಿಯ ಕಡೆಯಿಂದ ವಂಶ ಸಾಗುವ ಈ ಅಳಿಯಕಟ್ಟಿನಲ್ಲಿ ಮನೆಯ ಯಜಮಾನಿಕೆ ಮಾವಂದಿರ ಕೈಯಲ್ಲೇ ಹೆಚ್ಚಾಗಿ ಇತ್ತು ಎಂಬುದನ್ನು ಮರೆಯಬಾರದು. ದತ್ತು ಮಗುವಿನ ವಿಷಯ ಬಂದಾಗ ಅದೇ ಹಿರಿಯರು ಹಿಂದೆಮುಂದೆ ನೋಡುವುದೂ ಉಂಟು. ಆದರೂ ತಂದೆಯ ಹೆಸರಿಲ್ಲದೆ ಮಗುವಿಗೆ ಕುಲವೇ ಇಲ್ಲ ಎನ್ನುವವರಿಗೆ ನಮ್ಮಲ್ಲೇ ಉತ್ತರ ಇದೆ.

ಕೆಲಸಕ್ಕೆ ಹೋಗುವವರಿಗೆ ರಜೆಯ ಲೆಕ್ಕ ಮುಖ್ಯ. ಹೆರಿಗೆ ರಜೆ 26 ವಾರ. ಅದಕ್ಕೆ ಮದುವೆಯ ಷರತ್ತು ಇಲ್ಲ. ಎಚ್‌ಆರ್‌ನವರು ಮದುವೆಯ ಸರ್ಟಿಫಿಕೇಟ್ ಕೇಳಿದರೆ ಕೊಡಬೇಕಾಗಿಲ್ಲ. ದತ್ತು ತಾಯಿಗೆ 2017ರ ತಿದ್ದುಪಡಿ 12 ವಾರ ಕೊಟ್ಟಿತು, ಆದರೆ ಮಗು ಮೂರು ತಿಂಗಳೊಳಗಿನದ್ದಾಗಿರಬೇಕು ಎಂದು ಬರೆಯಿತು. ಬಿಟ್ಟುಹೋದ ಮಗುವಿನ ಹೆತ್ತವರನ್ನು ಹುಡುಕಲು, ಒಪ್ಪಿಸಿದ ತಾಯಿಗೆ ಮರುಯೋಚನೆಗೆ ಸಮಯ ಕೊಡಲು ಎರಡು ತಿಂಗಳು ಬೇಕು. ಆಮೇಲೆ ಕಾಗದಪತ್ರ. ಮೂರು ತಿಂಗಳೊಳಗೆ ಮಗು ಮನೆಗೆ ಬರುವುದೇ ಅಪರೂಪ. ಈ ಷರತ್ತನ್ನು ಕೋರ್ಟಿನಲ್ಲಿ ಪ್ರಶ್ನಿಸಿದರು, 2026ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಹೆಚ್ಚು ರಜೆ ಕೊಡುವ ಕಂಪನಿಗಳೂ ಇವೆ, ಹೆಸರು ಬರೆಸುವ ಮೊದಲೇ ವಿಚಾರಿಸಿ. ರಜೆ ಮುಗಿದ ಮೇಲೆ ಮಕ್ಕಳನ್ನು ಹಗಲು ನೋಡಿಕೊಳ್ಳುವ ಪಾಳಣಾಘರವೇ ಗತಿ. ಮನೆಯ ಹತ್ತಿರ ಇರಬೇಕೋ ಆಫೀಸಿನ ಹತ್ತಿರ ಇರಬೇಕೋ ಎಂದು ಕೇಳುವವರಿಗೆ ನನ್ನ ಉತ್ತರ ಮನೆಯ ಹತ್ತಿರ. ಮಳೆಗಾಲದಲ್ಲಿ ಲೋಕಲ್ ನಿಂತ ದಿನ ಮಗು ಮನೆಯ ಹತ್ತಿರ ಇದ್ದರೆ ಪಕ್ಕದ ಮನೆಯವರಾದರೂ ಹೋಗಿ ಕರೆದುಕೊಂಡು ಬರುತ್ತಾರೆ.

ಕಾಗದಪತ್ರದಲ್ಲಿ ತಂದೆಯ ಹೆಸರಿನ ಕಾಲಂ ಇನ್ನು ಮೊದಲಿನಷ್ಟು ಹೆದರಿಸುವುದಿಲ್ಲ. ಮದುವೆಯಾಗದ ತಾಯಿ ಒಬ್ಬಳೇ ಮಗುವಿನ ಪಾಲಕಿಯಾಗಬಹುದು, ತಂದೆಯ ಹೆಸರಿಲ್ಲದೆ ಜನನ ಪ್ರಮಾಣಪತ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟು 2015ರ ಜುಲೈಯಲ್ಲಿ ಹೇಳಿತು. 2018ರಲ್ಲಿ ಐವಿಎಫ್‌ನಿಂದ ಹುಟ್ಟಿದ ಮಗುವಿನ ತಾಯಿಯೊಬ್ಬರು ಹೋದಾಗ ಬಾಂಬೆ ಹೈಕೋರ್ಟು ಮುಂಬೈ ಮಹಾನಗರ ಪಾಲಿಕೆಗೆ (ಬಿಎಂಸಿ) ಅದೇ ಆದೇಶ ಕೊಟ್ಟಿತು. ಪಾಸ್‌ಪೋರ್ಟ್ ನಿಯಮ 2016ರ ಡಿಸೆಂಬರಿನಲ್ಲಿ ಸಡಿಲವಾಯಿತು, ಪ್ಯಾನ್ ಕಾರ್ಡಿನದು 2018ರ ಡಿಸೆಂಬರಿನಲ್ಲಿ. ಮಹಾರಾಷ್ಟ್ರ ಸರ್ಕಾರ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ದಾಖಲೆಯಲ್ಲಿ ಮಗುವಿನ ಹೆಸರಾದ ಮೇಲೆ ತಾಯಿಯ ಹೆಸರು ಬರಲೇಬೇಕು ಎಂದು ಮಾಡಿತು. ಶಾಲೆಯ ಗುಮಾಸ್ತರಿಗೆ ಇದೆಲ್ಲ ಗೊತ್ತಿರುವುದಿಲ್ಲ. ಆದೇಶಗಳ ಪ್ರತಿ ಜೊತೆಗಿರಲಿ.

ಮಗು ಬಂದ ವರ್ಷವೇ ವಿಲ್ ಬರೆಯಿರಿ. ಇದನ್ನು ಮುಂದೂಡಬೇಡಿ. ವಿಲ್‌ನಲ್ಲಿ ಮಗುವಿನ ಪಾಲಕರು ಯಾರು ಎಂದು ಹೆಸರಿಸಬಹುದು. ಪಿಎಫ್, ವಿಮೆ, ಹೌಸಿಂಗ್ ಸೊಸೈಟಿಯ ನಾಮಿನಿ ಫಾರಂಗಳಲ್ಲಿ ಮಗುವಿನ ಹೆಸರಿನ ಜೊತೆ ಆ ಪಾಲಕರ ಹೆಸರೂ ಬರಲಿ. ಎರಡು ದಾರಿಯ ಮಕ್ಕಳಿಗೂ ಒಂದು ವಿಷಯದಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಇದೆ. ದತ್ತು ಬಂದ ಮಗು 18 ತುಂಬಿದ ಮೇಲೆ ತನ್ನ ಮೂಲ ಹುಡುಕಲು ತಾನೇ ಅರ್ಜಿ ಹಾಕಬಹುದು, ನಿಯಮದಲ್ಲಿ ಅದಕ್ಕೆ ಜಾಗ ಇದೆ. ದಾನಿಯಿಂದ ಹುಟ್ಟಿದ ಮಗುವಿಗೆ ಅಂಥ ದಾರಿ ಇಲ್ಲ. ದಾನಿಯ ಹೆಸರು ಬೇಡ, ಕನಿಷ್ಠ ಅವರ ಆರೋಗ್ಯದ ಚರಿತ್ರೆಯಾದರೂ ದೊಡ್ಡವಾದ ಮಕ್ಕಳಿಗೆ ಸಿಗುವಂತೆ ಕಾಯ್ದೆ ಬದಲಾಗಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಅಲ್ಲಿಯವರೆಗೆ, ಚಿಕಿತ್ಸೆಯ ಸಮಯದಲ್ಲಿ ದಾನಿಯ ಬಗ್ಗೆ ಸಿಕ್ಕ ಹಾಳೆಯನ್ನು ಎಸೆಯಬೇಡಿ. ಕ್ಲಿನಿಕ್ಕಿನ ಮತ್ತು ಬ್ಯಾಂಕಿನ ನೋಂದಣಿ ಸಂಖ್ಯೆ, ಚಿಕಿತ್ಸೆಯ ದಿನಾಂಕ, ರಕ್ತದ ಗುಂಪಿನ ವಿವರ ಎಲ್ಲವನ್ನೂ ಮಗುವಿನ ಜನನ ಪ್ರಮಾಣಪತ್ರದ ಜೊತೆಗೇ ಒಂದು ಫೈಲಿನಲ್ಲಿಟ್ಟು, ಆ ಫೈಲ್ ಎಲ್ಲಿದೆ ಎಂದು ವಿಲ್‌ನಲ್ಲಿ ಹೆಸರಿಸಿದ ಪಾಲಕರಿಗೆ ತಿಳಿಸಿ.